ಆರತಕ್ಷತೆಗೂ ರಾತ್ರಿ ಬಸ್ಸಿಗೂ ನಡುವೆ ಬೆಂಗಳೂರು

ಮದುವೆಯ ಕರೆಯೋಲೆಯಲ್ಲಿ ಈಗ ಎಲ್ಲವೂ ಇರುತ್ತದೆ. ಮುಹೂರ್ತದ ಲಗ್ನ, ಆರತಕ್ಷತೆಯ ವೇಳೆ, ಛತ್ರಕ್ಕೆ ದಾರಿ ತೋರಿಸುವ ಕ್ಯೂಆರ್ ಕೋಡ್, ಕೆಳಗೆ ಉಡುಗೊರೆ ಬೇಡವೆನ್ನುವ ಒಂದು ಸಾಲು. ಶಿವಮೊಗ್ಗದಿಂದಲೋ ಕಲಬುರಗಿಯಿಂದಲೋ ಬೆಂಗಳೂರಿಗೆ ಬಂದಿಳಿದ ನೆಂಟರು ಮಧ್ಯೆ ಮಧ್ಯೆ ಉಳಿಯುವ ಹೊತ್ತನ್ನು ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಅಚ್ಚು ಹಾಕಿಸುವುದಿಲ್ಲ. ಮದುವೆ ಮನೆಯವರನ್ನು ಕೇಳುವಂತೆಯೂ ಇಲ್ಲ. ಅವರು ಹೂವಿನವನ ಫೋನು ಹತ್ತದೆ ಒದ್ದಾಡುತ್ತಿರುತ್ತಾರೆ.

ಈ ಕಡೆಯ ಮದುವೆಗೆ ಒಂದು ಗೊತ್ತಾದ ಕ್ರಮವಿದೆ. ಛತ್ರ ಕೈಗೆ ಸಿಗುವುದು ಹಿಂದಿನ ದಿನ ಮಧ್ಯಾಹ್ನ. ಸಂಜೆ ಆರತಕ್ಷತೆ. ಮರುದಿನ ಬೆಳಿಗ್ಗೆ ಮುಹೂರ್ತ, ಆಮೇಲೆ ಊಟ. ಮೂರು ದಾಟಿ ನಾಲ್ಕಾಗುವಷ್ಟರಲ್ಲಿ ಛತ್ರದವರು ಕುರ್ಚಿ ಜೋಡಿಸಿ ಮೂಲೆಗೆ ಒಟ್ಟಲು ಶುರುಮಾಡುತ್ತಾರೆ. ಊರಿನ ಬಸ್ಸೋ ರೈಲೋ ರಾತ್ರಿ ಹತ್ತರ ಮೇಲೆ. ಹಾಗಾಗಿ ದೂರದಿಂದ ಬಂದವರಿಗೆ ಹೊತ್ತು ಮೂರು ತುಂಡಾಗಿ ಸಿಗುತ್ತದೆ: ಬಂದಿಳಿದ ದಿನದ ಹಗಲು, ಮುಹೂರ್ತದ ದಿನ ನಸುಕಿನ ಒಂದೆರಡು ಗಂಟೆ, ಮತ್ತು ಹೊಟ್ಟೆ ತುಂಬಿ ಕಣ್ಣು ಎಳೆಯುವ ಆ ಕೊನೆಯ ಐದಾರು ಗಂಟೆ.

ಈ ತುಂಡುಗಳಲ್ಲಿ ಇಡೀ ಬೆಂಗಳೂರನ್ನು ತುರುಕಲು ಹೋಗಬೇಡಿ. ಛತ್ರ ಯಾವ ಬಡಾವಣೆಯಲ್ಲಿದೆಯೋ ಆ ಬಡಾವಣೆಯನ್ನೇ ನೋಡಿ, ಅಲ್ಲಿಯದನ್ನೇ ತಿನ್ನಿ. ಬೇರೆ ಎಲ್ಲಿಗಾದರೂ ಹೋಗಲೇಬೇಕೆಂದರೆ ಮೆಟ್ರೊ ಹೋಗುವ ಕಡೆಗೆ ಮಾತ್ರ ಹೋಗಿ. ಟಿಟಿ ಗೊತ್ತುಮಾಡಿಕೊಂಡು ಬನ್ನೇರುಘಟ್ಟ, ಇಸ್ಕಾನ್, ಅರಮನೆ ಎಲ್ಲವನ್ನೂ ಒಂದೇ ಹಗಲಲ್ಲಿ ಮುಗಿಸುತ್ತೇವೆಂದು ಹೊರಟವರು ಹೆಚ್ಚಾಗಿ ನೋಡಿ ಬರುವುದು ಮುಂದಿನ ಬಸ್ಸಿನ ಬೆನ್ನನ್ನು. ಆರತಕ್ಷತೆಗೆ ಅವರು ತಲುಪುವಾಗ ಮದುಮಕ್ಕಳು ಊಟಕ್ಕೆ ಎದ್ದಿರುತ್ತಾರೆ.

ಬಸವನಗುಡಿ, ಜಯನಗರದ ಕಡೆ ಛತ್ರವಾದರೆ

ನಿಮ್ಮ ಅದೃಷ್ಟ ಚೆನ್ನಾಗಿದೆ. ಇಲ್ಲಿ ನಸುಕಿನ ಎರಡು ಗಂಟೆಯಲ್ಲಿ ಆಗುವಷ್ಟು ಕೆಲಸ ಊರಿನ ಬೇರೆ ಕಡೆ ಇಡೀ ದಿನದಲ್ಲಿ ಆಗುವುದಿಲ್ಲ. ಮುಹೂರ್ತ ಹತ್ತರ ಮೇಲಿದ್ದರೆ ಆರಕ್ಕೇ ಎದ್ದು ಹೊರಡಿ. ಛತ್ರದ ಸ್ನಾನದ ಮನೆಗಳ ಮುಂದಿನ ಸಾಲಿನಿಂದಲೂ ಪಾರಾಗುತ್ತೀರಿ.

ಮೊದಲು ದೊಡ್ಡ ಬಸವಣ್ಣ. ಕೆಂಪೇಗೌಡರ ಕಾಲದ ಗುಡಿ. ಒಂದೇ ಕಲ್ಲಿನಲ್ಲಿ ಕಡೆದ ಬಸವ, ಸುಮಾರು 15 ಅಡಿ ಎತ್ತರ. ಬೆಣ್ಣೆ ಎಣ್ಣೆ ಹಚ್ಚಿ ಹಚ್ಚಿ ಕಲ್ಲು ಕಪ್ಪಾಗಿ ಮಿರುಗುತ್ತದೆ. ಪಕ್ಕದಲ್ಲೇ ದೊಡ್ಡ ಗಣಪತಿ. ಬೆಣ್ಣೆ ಅಲಂಕಾರದ ದಿನ ಸಿಕ್ಕರೆ ನಿಂತು ನೋಡುವಂಥದ್ದು. ಬೆನ್ನಿಗೇ ಇರುವ ಬ್ಯೂಗಲ್ ರಾಕ್ ಉದ್ಯಾನದಲ್ಲಿ ಬಂಡೆಯ ಮೇಲೆ ಹತ್ತು ನಿಮಿಷ ಕೂತು ಇಳಿಯಬಹುದು. ಮದುವೆ ಕಾರ್ತಿಕ ಮಾಸದ ಕೊನೆಯ ಸೋಮವಾರದ ಆಸುಪಾಸಿಗೆ ಬಿದ್ದಿದ್ದರೆ ಕಡಲೆಕಾಯಿ ಪರಿಷೆ ನಡೆಯುತ್ತಿರುತ್ತದೆ. ಆಗ ಈ ರಸ್ತೆಗೆ ಆಟೊದಲ್ಲಿ ಬರಬೇಡಿ, ನಡೆದೇ ಬನ್ನಿ. ಹಸಿ, ಹುರಿದ, ಬೇಯಿಸಿದ ಕಡಲೆಕಾಯಿಯ ರಾಶಿ ರಸ್ತೆಯ ಎರಡೂ ಬದಿಗೆ ಇರುತ್ತದೆ.

ಅಲ್ಲಿಂದ ಗಾಂಧಿ ಬಜಾರಿಗೆ ನಡೆದು ಹೋಗುವಷ್ಟೇ ದೂರ. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನ ಅಲ್ಲಿದೆ. ಹೆಸರು ಬರೆಸಿ ಹೊರಗೆ ಕಾಯಬೇಕು, ಕರೆದಾಗ ಒಳಗೆ ಹೋಗಬೇಕು, ಗುರುತಿಲ್ಲದವರ ಜೊತೆ ಮೇಜು ಹಂಚಿಕೊಳ್ಳಬೇಕು. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಚಿತ್ರಗಳು. ಪಂಚೆ ಉಟ್ಟ ಮಾಣಿ ಒಂದೇ ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಅಂಗೈಯಿಂದ ಹೆಗಲವರೆಗೂ ಪೇರಿಸಿಕೊಂಡು ಮೇಜುಗಳ ನಡುವೆ ಬರುತ್ತಾನೆ. ಫೋನು ತೆಗೆಯುವಷ್ಟರಲ್ಲಿ ನಿಮ್ಮ ತಟ್ಟೆ ಇಳಿಸಿ ಮುಂದೆ ಹೋಗಿರುತ್ತಾನೆ. ದೋಸೆ ದಪ್ಪ, ಮೇಲೆ ಗರಿಗರಿ ಕೆಂಪು, ಒಳಗೆ ಮೆತ್ತಗೆ. ಚಟ್ನಿ ನೀರಾಗಿರುತ್ತದೆ, ಅದು ಹಾಗೇ ಇರಬೇಕು. ಸಾಂಬಾರಿಗೆ ಇಲ್ಲಿ ಕೈ ಚಾಚಬೇಡಿ. ದಾವಣಗೆರೆಯಿಂದ ಬಂದವರು ತಮ್ಮೂರ ಬೆಣ್ಣೆ ದೋಸೆಯ ಜೊತೆ ಹೋಲಿಸುವುದನ್ನು ಹೊರಗೆ ಬಂದ ಮೇಲೆ ಮಾಡಿದರೆ ಒಳ್ಳೆಯದು. ಎರಡು ಎಚ್ಚರಿಕೆ: ಶುಕ್ರವಾರ ರಜೆ, ಉಳಿದ ದಿನ ನಡುಮಧ್ಯಾಹ್ನ ಬಾಗಿಲು ಹಾಕಿರುತ್ತದೆ.

ಕಾಯುವ ತಾಳ್ಮೆ ಇಲ್ಲದವರಿಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ: ಬಹುಮಟ್ಟಿಗೆ ಇಷ್ಟೇ ಪಟ್ಟಿ. ಕೂರಲು ಜಾಗವಿಲ್ಲ, ರಸ್ತೆ ಬದಿಯಲ್ಲಿ ನಿಂತೇ ತಿನ್ನಬೇಕು. ಚಟ್ನಿಯನ್ನು ಮಾತ್ರ ಎಷ್ಟು ಸಲ ಕೇಳಿದರೂ ಸುರಿಯುತ್ತಾರೆ, ಆ ಚಟ್ನಿಗಾಗಿಯೇ ಜನ ಬರುವುದು. ಇಪ್ಪತ್ತು ನಿಮಿಷದಲ್ಲಿ ತಿಂದು ಛತ್ರಕ್ಕೆ ಮರಳಬಹುದು. ಮಂಡಿನೋವಿನ ಅಜ್ಜಿಯರನ್ನು ಇಲ್ಲಿಗೆ ಕರೆತರಬೇಡಿ.

ಲಾಲ್‌ಬಾಗಿಗೆ ಬಂದಿಳಿದ ದಿನದ ಬೆಳಿಗ್ಗೆಯೇ ಸರಿ. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ, ಈಗ 240 ಎಕರೆ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಎಲ್ಲರೂ ಗಾಜಿನ ಮನೆಯ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ಸಾಗುತ್ತಾರೆ. ನನ್ನನ್ನು ಕೇಳಿದರೆ ಲಾಲ್‌ಬಾಗಿನಲ್ಲಿ ನೋಡಬೇಕಾದ್ದು ಆ ಬಂಡೆ. ಸುಮಾರು 300 ಕೋಟಿ ವರ್ಷದ ಕಲ್ಲು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ನೆತ್ತಿಯಲ್ಲಿ ಕೆಂಪೇಗೌಡರ ಗೋಪುರ. ಬಿಸಿಲೇರುವ ಮೊದಲು ಅಲ್ಲಿ ಗಾಳಿ ಚೆನ್ನಾಗಿರುತ್ತದೆ. ಲಾಲ್‌ಬಾಗ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಪಶ್ಚಿಮ ದ್ವಾರದಿಂದ ಒಳಹೊಕ್ಕು, ಗಾಜಿನ ಮನೆ ಬಂಡೆ ಎಲ್ಲ ನೋಡಿಕೊಂಡು ಮುಖ್ಯದ್ವಾರದಿಂದ ಹೊರಬಿದ್ದರೆ ಎಂಟಿಆರ್ ಹತ್ತಿರವೇ.

1924ರಲ್ಲಿ ಹುಟ್ಟಿದ ಈ ಹೋಟೆಲಿನ ಮಧ್ಯಾಹ್ನದ ಊಟ ಹೆಸರುವಾಸಿ. ಆದರೂ ಮದುವೆಗೆಂದು ಬಂದವರಿಗೆ ಅದು ಬೇಡ ಅನ್ನುತ್ತೇನೆ. ನಿಮ್ಮ ಮುಂದೆ ಎರಡು ದಿನ ಬಾಳೆಲೆಯೇ ಇದೆ; ಇನ್ನೊಂದು ಹೋಳಿಗೆ ಯಾಕೆ? ಬೆಳಿಗ್ಗೆ ಹೋಗಿ ರವೆ ಇಡ್ಲಿ ತಿನ್ನಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರವಾದಾಗ ರವೆಯಲ್ಲಿ ಇಡ್ಲಿ ಹುಯ್ದು ನೋಡಿದ್ದು ಇಲ್ಲಿಯೇ ಎಂದು ಹೋಟೆಲಿನವರು ಹೇಳುತ್ತಾರೆ. ಜೊತೆಗೆ ಆಲೂಗಡ್ಡೆ ಸಾಗು, ಪುಟ್ಟ ಬಟ್ಟಲಲ್ಲಿ ತುಪ್ಪ. ಸೋಮವಾರ ಮುಚ್ಚಿರುತ್ತದೆ.

ಮಲ್ಲೇಶ್ವರದವರಿಗೆ

ಬಸವನಗುಡಿ, ಮಲ್ಲೇಶ್ವರ ಎರಡೂ 1898ರ ಪ್ಲೇಗಿನ ಹಿಂದೆಯೇ ಬೆಳೆದ ಅಕ್ಕತಂಗಿಯರು. ಯಾವುದು ಮೇಲು ಎಂಬ ಜಗಳಕ್ಕೆ ಮಾತ್ರ ಬೀಳಬೇಡಿ, ಮುಹೂರ್ತ ತಪ್ಪುತ್ತದೆ.

ಇಲ್ಲಿ ಕಾಡು ಮಲ್ಲೇಶ್ವರನ ಗುಡಿಯಿಂದ ಶುರುಮಾಡಿ. ಎದುರಿಗಿರುವ ನಂದಿತೀರ್ಥ ಹಲವರ ಕಣ್ಣಿಗೆ ಬೀಳುವುದೇ ಇಲ್ಲ. ಮಣ್ಣಿನಡಿ ಹೂತುಹೋಗಿದ್ದದ್ದು 1997ರಲ್ಲಿ ಮೇಲೆ ಬಂತು. ನಂದಿಯ ಬಾಯಿಂದ ನೀರು ಸಣ್ಣಗೆ ಹರಿದು ಕೆಳಗಿನ ಲಿಂಗದ ಮೇಲೆ ಬಿದ್ದು ಕಲ್ಯಾಣಿ ಸೇರುತ್ತದೆ. ಸುತ್ತಲ ರಸ್ತೆಯ ಗದ್ದಲಕ್ಕೆ ಹೋಲಿಸಿದರೆ ಒಳಗೆ ತಂಪು. ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ.

ಗುಡಿಗೆ ಹತ್ತಿರದ ಹದಿನೈದನೇ ಅಡ್ಡರಸ್ತೆಯ ವೀಣಾ ಸ್ಟೋರ್ಸಿನಲ್ಲಿ ಇಡ್ಲಿ, ಚೌಚೌಬಾತ್. ಇದೂ ನಿಂತು ತಿನ್ನುವ ಜಾಗವೇ. ಮಾರ್ಗೋಸಾ ರಸ್ತೆಯಲ್ಲಿ ಕೆಳಗೆ ಬಂದರೆ ಏಳನೇ ಅಡ್ಡರಸ್ತೆಯ ಮೂಲೆಗೆ ಸಿಟಿಆರ್. ಬೋರ್ಡಿನಲ್ಲಿ ಶ್ರೀ ಸಾಗರ್ ಎಂದಿರುತ್ತದೆ, ಹೆಸರು ಬದಲಾಯಿತೆಂದು ಹಿಂದಿರುಗಬೇಡಿ. ಬೆಣ್ಣೆ ಮಸಾಲೆ ಬೆರಳಿಗೆ ಅಂಟುವಷ್ಟು ಬೆಣ್ಣೆಯಲ್ಲೇ ಬರುತ್ತದೆ. ಒಬ್ಬರಿಗೆ ಒಂದು ಸಾಕು. ರೇಷ್ಮೆ ಸೀರೆ ಉಟ್ಟು ಇಲ್ಲಿಗೆ ಬರುವುದು ಬೇಡ. ಬಾಡಿಗೆಯ ಶೇರ್ವಾನಿಯಂತೂ ಬೇಡವೇ ಬೇಡ.

ಮರೆತು ಬಂದ ಎಲ್ಲಕ್ಕೂ ಎಂಟನೇ ಅಡ್ಡರಸ್ತೆ ಇದೆ: ಪಿನ್ನು, ಬಳೆ, ಫಾಲ್ಸ್, ಹೂವು, ಅರಿಸಿನ ಕುಂಕುಮದ ಪೊಟ್ಟಣ, ಉಡುಗೊರೆಗೆ ಬೆಳ್ಳಿ ದೀಪ. ಸಂಜೆ ಹೊತ್ತು ಮಿಕ್ಕರೆ ಸ್ಯಾಂಕಿ ಕೆರೆಯ ದಂಡೆಯಲ್ಲಿ ಒಂದು ಸುತ್ತು. 1882ರಲ್ಲಿ ಆ ಕೆರೆ ಕಟ್ಟಿಸಿದ ರಿಚರ್ಡ್ ಸ್ಯಾಂಕಿಯವರೇ ಕಬ್ಬನ್ ಪಾರ್ಕನ್ನು ರೂಪಿಸಿದ್ದು.

ಅರಮನೆ ಮೈದಾನ ಮತ್ತು ಊರ ನಡುಮಧ್ಯ

ಅರಮನೆ ಮೈದಾನದ ಮದುವೆಗಳಿಗೆ ಒಂದೇ ತೊಂದರೆ. ಗೇಟಿನಿಂದ ಮಂಟಪಕ್ಕೆ ನಡೆಯುವುದೇ ಒಂದು ಪ್ರವಾಸ. ಪಕ್ಕದ ಬೆಂಗಳೂರು ಅರಮನೆಯನ್ನು ಕಟ್ಟಿಸತೊಡಗಿದ್ದು ಸೆಂಟ್ರಲ್ ಕಾಲೇಜಿನ ಮೊದಲ ಪ್ರಾಂಶುಪಾಲರಾಗಿದ್ದ ರೆವರೆಂಡ್ ಗ್ಯಾರೆಟ್. ಆಮೇಲೆ ಅದು ಮೈಸೂರು ಒಡೆಯರ ಕೈಗೆ ಬಂತು. ಮೈಸೂರಿನ ಅರಮನೆ ನೋಡಿದವರು ಇದನ್ನು ಬಿಟ್ಟರೂ ನಷ್ಟವಿಲ್ಲ. ಅದರ ಬದಲು ಪ್ಯಾಲೇಸ್ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿಗೆ ಹೋಗಿ. ಹಳೆಯ ಬಂಗಲೆ, ದೊಡ್ಡ ಮರಗಳು, ಒಳಗೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಊರ ನಡುವೆ ಇಷ್ಟು ಸದ್ದಿಲ್ಲದ ಜಾಗ ಇನ್ನೊಂದು ಸಿಗುವುದು ಕಷ್ಟ. ಸೋಮವಾರ ರಜೆ.

ವಿಧಾನಸೌಧವನ್ನು ನೋಡದೆ ಊರಿಗೆ ಹೋದರೆ ಮನೆಯಲ್ಲಿ ಬಿಡುವುದಿಲ್ಲ, ಸರಿ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ, 1956ರಲ್ಲಿ ಮುಗಿದ ಕಟ್ಟಡ. ಭಾನುವಾರ ಸಂಜೆ ದೀಪ ಹಾಕುತ್ತಾರೆ, ಆಗಲೇ ಹೋಗಿ. ಮೆಟ್ರೊದಲ್ಲಿ ಇಳಿದರೆ ಒಂದು ಕಡೆ ಅದು, ಎದುರಿಗೆ ಕೆಂಪು ಬಣ್ಣದ ಅಠಾರಾ ಕಚೇರಿ, ಅದರ ಹಿಂದೆ ಕಬ್ಬನ್ ಪಾರ್ಕು. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲವಾದ್ದರಿಂದ ಮಕ್ಕಳನ್ನು ಧೈರ್ಯವಾಗಿ ಕೈಬಿಡಬಹುದು. ಪಾರ್ಕಿನ ಅಂಚಿನಲ್ಲೇ, ಕಸ್ತೂರಬಾ ರಸ್ತೆಯಲ್ಲಿ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಗುಂಡಿ ಒತ್ತಿದರೆ ತಿರುಗುವ, ಹಾರುವ, ಗರ್ಜಿಸುವ ವಸ್ತುಗಳೇ ತುಂಬಿವೆ. ಮುಹೂರ್ತದಲ್ಲಿ ಬೇಸರಗೊಂಡ ಎಂಟು ಹತ್ತು ವರ್ಷದವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಕನ್ನಡದ ಪ್ರದರ್ಶನವೂ ಇರುತ್ತದೆ. ವೇಳೆ ಮೊದಲೇ ನೋಡಿಕೊಂಡು ಹೋಗಿ. ಕತ್ತಲ ಕೋಣೆ, ಒರಗುವ ಕುರ್ಚಿ, ಮೇಲೆ ನಕ್ಷತ್ರ. ಮದುವೆ ಊಟದ ನಂತರ ದೊಡ್ಡವರು ಅಲ್ಲಿ ನಿದ್ದೆ ಹೋದರೂ ಯಾರಿಗೂ ಗೊತ್ತಾಗುವುದಿಲ್ಲ.

ಓದುವ ಹುಚ್ಚಿನವರಿಗೆ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಗೊತ್ತಿದ್ದೇ ಇರುತ್ತದೆ. ಕನ್ನಡ ಪುಸ್ತಕಕ್ಕೆ ಗಾಂಧಿ ಬಜಾರಿನ ಅಂಕಿತ, ಅಥವಾ ಬಸ್ಸಿಗೆ ಕಾಯುವವರಾದರೆ ಮೆಜೆಸ್ಟಿಕ್‌ಗೆ ಹತ್ತಿರದ ಗಾಂಧಿನಗರದ ಸಪ್ನಾ.

ಊರಾಚೆಯ ಮದುವೆಗಳು ಈಗ ಹೆಚ್ಚು. ಕನಕಪುರ ರಸ್ತೆಯ ಕನ್ವೆನ್ಷನ್ ಹಾಲುಗಳಿಗೆ ಬಂದವರು ಹಸಿರು ಮಾರ್ಗದ ಮೆಟ್ರೊ ಹಿಡಿದು ನೇರ ಜಯನಗರ, ಲಾಲ್‌ಬಾಗಿಗೆ ಬರಬಹುದು. ವೈಟ್‌ಫೀಲ್ಡಿನವರಿಗೆ ನೇರಳೆ ಮಾರ್ಗ. ದೇವನಹಳ್ಳಿಯ ರೆಸಾರ್ಟಿನಲ್ಲಿ ಮದುವೆಯಾದರೆ ಮಾತ್ರ ಬೆಂಗಳೂರಿನ ಆಸೆಯನ್ನೇ ಬಿಡಿ. ಬೆನ್ನು ತಿರುಗಿಸಿ ನಂದಿ ಗ್ರಾಮದ ಕಡೆ ಹೋಗಿ. ಬೆಟ್ಟ ಹತ್ತುವ ವಾಹನಗಳ ಸಾಲು ಯಾರಿಗೆ ಬೇಕು? ಬುಡದಲ್ಲೇ ಭೋಗನಂದೀಶ್ವರನ ಗುಡಿಯಿದೆ, ಅದರ ಕಲ್ಯಾಣ ಮಂಟಪದ ಕಂಬಗಳ ಕುಸುರಿ ಹತ್ತಿರದಿಂದ ನೋಡುವಂಥದ್ದು. ದೇವನಹಳ್ಳಿಯ ಕೋಟೆ ದಾರಿಯಲ್ಲೇ ಸಿಗುತ್ತದೆ.

ಊಟ ಮುಗಿದ ಮೇಲಿನ ಐದಾರು ಗಂಟೆ

ಇದೇ ಕಷ್ಟದ ಹೊತ್ತು. ಕೈಯಲ್ಲಿ ಚೀಲ, ತಾಂಬೂಲದ ಕವರು, ಅರ್ಧ ಬಾಡಿದ ಹೂವು, ಛತ್ರ ಖಾಲಿಯಾಗುತ್ತಿದೆ. ಮೊದಲು ಸಾಮಾನಿನ ಭಾರ ಇಳಿಸಿ. ರೈಲಿನ ಟಿಕೆಟ್ ಇದ್ದವರು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಬಹುದು. ಚೀಲಕ್ಕೆ ಬೀಗ ಹಾಕಿರಬೇಕು, ಟಿಕೆಟ್ ತೋರಿಸಬೇಕು. ಜಿಪ್ ಹರಿದ ಚೀಲವನ್ನು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮನೆಯಿಂದ ಹೊರಡುವಾಗಲೇ ಒಂದು ಪುಟ್ಟ ಬೀಗ ಜೇಬಿಗೆ ಹಾಕಿಕೊಳ್ಳಿ.

ಆಮೇಲೆ ಎಲ್ಲಿಗೆ? ಸೀರೆ ಕೊಳ್ಳುವವರಿದ್ದರೆ ಚಿಕ್ಕಪೇಟೆ, ಮೆಟ್ರೊ ಅಲ್ಲೇ ನಿಲ್ಲುತ್ತದೆ. ಭಾನುವಾರ ಅಲ್ಲಿನ ಹಲವು ಸಗಟು ಅಂಗಡಿಗಳು ಮುಚ್ಚಿರುತ್ತವೆಂಬುದು ನೆನಪಿರಲಿ. ಮುಂದಿನ ನಿಲ್ದಾಣ ಕೆ.ಆರ್. ಮಾರುಕಟ್ಟೆ. ಹತ್ತಿರದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ: ಹೈದರಾಲಿ ಶುರುಮಾಡಿ ಟಿಪ್ಪು 1791ರಲ್ಲಿ ಮುಗಿಸಿದ, ತೇಗದ ಕಂಬ ಕಮಾನುಗಳ ಕಟ್ಟಡ. ಅರ್ಧ ಗಂಟೆ ಸಾಕು. ಅದಕ್ಕೆ ಅಂಟಿಕೊಂಡಂತೆಯೇ ಕೋಟೆ ವೆಂಕಟರಮಣನ ಗುಡಿ. ಅದೇ ಮಾರುಕಟ್ಟೆಯ ಹೂವಿನ ವ್ಯಾಪಾರ ನೋಡಬೇಕೆಂದರೆ ನಸುಕಿನಲ್ಲೇ ಬರಬೇಕು. ಒಳಗೆ ಮೇಲಿನ ಮಹಡಿಯಿಂದ ಬಗ್ಗಿ ನೋಡಿದರೆ ಕೆಳಗೆ ಚೆಂಡುಹೂ, ಸೇವಂತಿಗೆ, ಗುಲಾಬಿಯ ಗುಡ್ಡೆ. ನಿಮ್ಮ ಮದುವೆ ಮಂಟಪದ ಹೂವು ಇಲ್ಲಿಂದಲೇ ಹೊರಟಿರುವ ಸಾಧ್ಯತೆ ಹೆಚ್ಚು.

ರಾತ್ರಿ ಏಳರ ಹೊತ್ತಿಗೆ ಹಸಿವಾದರೂ ಪೂರ್ತಿ ಊಟ ಬೇಡವೆನಿಸುತ್ತದೆ. ಅದಕ್ಕೆಂದೇ ಇರುವುದು ವಿ.ವಿ. ಪುರದ ತಿಂಡಿ ಬೀದಿ, ಸಜ್ಜನರಾವ್ ವೃತ್ತದ ಪಕ್ಕ. ಒಂದು ಕಡೆ ಪಡ್ಡು, ಇನ್ನೊಂದು ಕಡೆ ಹೋಳಿಗೆ, ಮಧ್ಯೆ ಗುಲ್ಕಂದ್ ಐಸ್‌ಕ್ರೀಮು. ಚಳಿಗಾಲದಲ್ಲಿ ಅವರೆಕಾಳಿನದೇ ರಾಜ್ಯ: ಹಿತಕಿದ ಅವರೆ ದೋಸೆ, ಅವರೆಕಾಳು ಉಪ್ಪಿಟ್ಟು, ಕೊನೆಗೆ ಅವರೆಕಾಳು ಜಿಲೇಬಿಯನ್ನೂ ಬಿಡುವುದಿಲ್ಲ. ನಾಲ್ಕು ಜನ ಒಂದೊಂದು ತಟ್ಟೆ ಹಂಚಿಕೊಂಡು ಬೀದಿ ಉದ್ದಕ್ಕೂ ನಡೆಯಿರಿ. ಶನಿವಾರ, ಭಾನುವಾರ ನೂಕುನುಗ್ಗಲು. ಕೂರಲು ಜಾಗ ಸಿಗದು.

ಬಾಡೂಟದ ಮಾತಿಗೆ ಬರೋಣ. ಮದುವೆ ಎರಡು ದಿನವೂ ಸಸ್ಯಾಹಾರ. ಬೀಗರ ಊಟಕ್ಕೆ ನಿಲ್ಲುವವರಿಗೆ ಚಿಂತೆಯಿಲ್ಲ, ಹೋಗುವವರಿಗೆ ನಾಲಗೆ ತುಡಿಯುತ್ತದೆ. ಅಂಥವರು ಬಂದಿಳಿದ ದಿನ ಮಧ್ಯಾಹ್ನವೇ ಜಯನಗರದ ಕಡೆಯ ಶಿವಾಜಿ ಮಿಲಿಟರಿ ಹೋಟೆಲಿನಂಥ ಕಡೆಗೆ ಹೋಗಿ ದೊನ್ನೆ ಬಿರಿಯಾನಿ ಮುಗಿಸಿಬಿಡುವುದು ಮೇಲು. ಸಣ್ಣ ಅಕ್ಕಿ, ಪುದೀನ ಕೊತ್ತಂಬರಿಯ ಹಸಿರು ಮಸಾಲೆ. ಹೈದರಾಬಾದಿನದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಿಲಿಟರಿ ಹೋಟೆಲುಗಳಲ್ಲಿ ಒಳ್ಳೆಯದು ಬೇಗ ಖಾಲಿಯಾಗುತ್ತದೆ, ಎರಡು ಗಂಟೆಯ ಮೇಲೆ ಹೋದವರಿಗೆ ಉಳಿದದ್ದೇ ಗತಿ. ಆಂಧ್ರ ಊಟ ಇಷ್ಟದವರಿಗೆ ರೆಸಿಡೆನ್ಸಿ ರಸ್ತೆಯ ನಾಗಾರ್ಜುನ ಇದೆ. ಖಾರಕ್ಕೆ ಹೆದರುವವರು ತುಪ್ಪ ಧಾರಾಳವಾಗಿ ಕೇಳಿ.

ಒಂದು ದಿನ ಹೆಚ್ಚು ಉಳಿಯುವವರಿಗೆ ಒಂದೇ ಸಲಹೆ: ಜೆ.ಪಿ. ನಗರದ ರಂಗಶಂಕರದಲ್ಲಿ ಒಂದು ನಾಟಕ. ಸೋಮವಾರ ಬಿಟ್ಟು ಹೆಚ್ಚುಕಡಿಮೆ ಪ್ರತಿದಿನ ಪ್ರದರ್ಶನ, ಸಂಜೆ 7.30ಕ್ಕೆ. ತಡವಾದರೆ ಒಳಗೆ ಬಿಡುವುದಿಲ್ಲ. ಯಾರ ಮಾವ ಯಾವ ಇಲಾಖೆಯಲ್ಲಿದ್ದರೂ ಅಷ್ಟೆ. ಬೇಗ ಹೋಗಿ ಅಲ್ಲಿನ ಕೆಫೆಯಲ್ಲಿ ಅಕ್ಕಿ ರೊಟ್ಟಿ ತಿಂದು ಕೂರಿ.

ಓಡಾಟ

ಬೆಂಗಳೂರಿನಲ್ಲಿ ‘ಸ್ಟೇಷನ್’ ಎಂದರೆ ಯಾವ ಸ್ಟೇಷನ್ ಎಂದು ಕೇಳಿಕೊಳ್ಳಬೇಕು. ಮೆಜೆಸ್ಟಿಕ್‌ನ ಸಂಗೊಳ್ಳಿ ರಾಯಣ್ಣ ನಿಲ್ದಾಣ ಒಂದು, ಯಶವಂತಪುರ ಇನ್ನೊಂದು, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಮತ್ತೊಂದು. ಮೊದಲ ಎರಡಕ್ಕೆ ಮೆಟ್ರೊ ಹತ್ತಿರ. ಮೂರನೆಯದಕ್ಕೆ ಮೆಟ್ರೊ ಇಳಿದು ಮತ್ತೆ ಆಟೊ ಹತ್ತಬೇಕು, ಮುಕ್ಕಾಲು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಬಸ್ಸಿನದೂ ಇದೇ ಕಥೆ. ಮೈಸೂರು ಕಡೆಯ ಬಸ್ಸುಗಳು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಹೊರಡುತ್ತವೆ. ಟಿಕೆಟ್ಟಿನಲ್ಲಿ ಹತ್ತುವ ಜಾಗ ಬರೆದಿರುತ್ತದೆ, ಆರತಕ್ಷತೆಗೆ ಮೊದಲೇ ಒಮ್ಮೆ ಓದಿ.

ಮೆಟ್ರೊ ರಾತ್ರಿ ಹನ್ನೊಂದರ ಆಸುಪಾಸಿನವರೆಗೂ ಓಡುತ್ತದೆ. ಭಾನುವಾರ ಬೆಳಿಗ್ಗೆ ಶುರುವಾಗುವುದು ಮಾತ್ರ ಉಳಿದ ದಿನಗಳಿಗಿಂತ ತಡ, ಬೆಳಗಿನ ಮುಹೂರ್ತಕ್ಕೆ ಅದನ್ನೇ ನಂಬಿ ಕೂರಬೇಡಿ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇಲ್ಲಿಯೂ ನಡೆಯುತ್ತದೆ; ಎಸಿ ಬಸ್ಸಿನಲ್ಲಿ ಇಲ್ಲ. ಏಪ್ರಿಲ್, ಮೇ ತಿಂಗಳ ಮದುವೆಯಾದರೆ ನಾಲ್ಕು ಗಂಟೆಯ ಮೇಲೆ ಕೊಡೆ ಕೈಯಲ್ಲಿರಲಿ. ಮಳೆ ಬಂದ ಸಂಜೆ ಆಟೊದವರು ಮೀಟರಿನ ಮಾತೇ ಎತ್ತುವುದಿಲ್ಲ. ವಿಮಾನಕ್ಕೆ ಹೋಗುವವರಿಗೆ ಬಿಎಂಟಿಸಿಯ ವಾಯುವಜ್ರ ಬಸ್ಸು ಟ್ಯಾಕ್ಸಿಗಿಂತ ಎಷ್ಟೋ ಅಗ್ಗ.

ವಿಮಾನದವರಿಗೇ ಇನ್ನೊಂದು ಮಾತು. ತಾಂಬೂಲದ ತೆಂಗಿನಕಾಯಿಯನ್ನು ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ಸಾಮಾನ್ಯವಾಗಿ ತೆಗೆಸಿಬಿಡುತ್ತಾರೆ. ಒಣ ಕೊಬ್ಬರಿಗಂತೂ ಕೆಳಗಿನ ಲಗೇಜಿನಲ್ಲೂ ಪ್ರವೇಶವಿಲ್ಲ. ಬಸ್ಸಿಗೆ ಹೋಗುವ ನೆಂಟರು ಯಾರೆಂದು ಛತ್ರದಲ್ಲೇ ನೋಡಿಟ್ಟುಕೊಂಡು ಅವರ ಚೀಲಕ್ಕೆ ದಾಟಿಸಿಬಿಡಿ.